ಹೊಲದ ಮಣ್ಣಿನಿಂದ ಕಾಂಡ್ಲಾದ ಕೆಸರಿಗೆ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರದ ಓಣಿಗಳಲ್ಲಿ ತಲೆಯೆತ್ತಿದ ಪ್ಲೇಗು, ವರ್ಷ ಎರಡು ವರ್ಷಗಳೊಳಗಾಗಿ ಘಟ್ಟವನ್ನು ಹತ್ತಿ, ರೈಲುಹಾದಿಯನ್ನು ಹಿಡಿದು, ಬೆಳಗಾವಿ ಧಾರವಾಡ ವಿಜಾಪುರ ಜಿಲ್ಲೆಗಳಿಗೆ ಬಂದು ಸೇರಿತು. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಆಗ ವಿಜಾಪುರ ಜಿಲ್ಲೆಗೆ ಸೇರಿದ್ದವು. 1884ರಲ್ಲಿ ಗದಗಿನಿಂದ ಹೊಟಗಿಯವರೆಗೆ ಹಾಕಿದ ಮೀಟರ್ ಗೇಜ್ ಹಳಿಯು ಬಾದಾಮಿ ಬಾಗಲಕೋಟೆಗಳ ಮೇಲೆಯೇ ಹಾಯ್ದಿದ್ದುದರಿಂದ, ಹತ್ತಿಯನ್ನೂ ಜೋಳವನ್ನೂ ಹೊತ್ತೊಯ್ಯಲು ಬಂದ ಗಾಡಿಗಳು ಇಲಿಯನ್ನೂ ಇಲಿಯ ಮೈಮೇಲಿನ ಚಿಗಟವನ್ನೂ ಹೊತ್ತು ತರಲು ಅಡ್ಡಿಯೇನಿರಲಿಲ್ಲ. ಊರಲ್ಲಿ ಇಲಿ ಬಿತ್ತೆಂದರೆ ಜನರು ಮನೆಗೆ ಬೀಗವಿಕ್ಕಿ, ದನಕರು ಪಾತ್ರೆಪರಟಿಗಳೊಡನೆ ಹೊಲಕ್ಕೆ ಹೋಗಿ, ದಂಟಿನ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಕಳೆಯುವುದೊಂದೇ ಆ ಕಾಲದ ಚಿಕಿತ್ಸೆ. ರೋಗಕಾರಕವಾದ ಸೂಕ್ಷ್ಮಾಣುವನ್ನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬಾತನು ಕಂಡುಹಿಡಿದಿದ್ದನು ನಿಜ. ಹಾಫ್ಕಿನ್ ಎಂಬಾತನ ಪ್ಲೇಗಿನ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಹಾಕಿದ್ದೂ ನಿಜ. ಆದರೆ ರೋಗವು ಒಮ್ಮೆ ಮೈಗೆ ಹತ್ತಿದ ಮೇಲೆ ಅದನ್ನು ಇಳಿಸಬಲ್ಲ ಔಷಧವು ಭೂಮಂಡಲದಲ್ಲಿ ಎಲ್ಲಿಯೂ ಇರಲಿಲ್ಲ. ಮುಂದಿನ ಮೂರು ದಶಕಗಳಲ್ಲಿ ಹಿಂದುಸ್ಥಾನದಲ್ಲಿ ಆ ಬೇನೆಗೆ ಬಲಿಯಾದವರು ಒಂದು ಕೋಟಿಗೂ ಮಿಕ್ಕಿದವರು.

ಪ್ಲೇಗಿನ ಅಣುವನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವು ಅರ್ಧ ಶತಮಾನದ ತರುವಾಯ ದೊರೆತದ್ದು, ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿ. ಊರು ತೊರೆದು ಬಂದ ನಮ್ಮ ಹಿರಿಯರು ಯಾವ ಎರಿಮಣ್ಣಿನ ಮೇಲೆ ಕಂಬಳಿ ಹಾಸಿ ಮಲಗಿದ್ದರೋ, ಆ ಮಣ್ಣಿನ ಒಂದೊಂದು ಚಿಟಿಕೆಯಲ್ಲಿಯೂ ಆ ಔಷಧವನ್ನು ಹೆತ್ತ ಕುಲದ ಜೀವಿಗಳು ಸಾವಿರ ಲಕ್ಷಗಳ ಸಂಖ್ಯೆಯಲ್ಲಿ ವಾಸವಾಗಿದ್ದವು. ಚರಿತ್ರೆಯಲ್ಲಿ ಇಂತಹ ವಿಪರ್ಯಾಸಗಳು ಅಪೂರ್ವವಲ್ಲ. ಆದರೂ ಇದನ್ನು ನೆನೆದಾಗ ಮನಸ್ಸಿಗೆ ಒಂದು ಬಗೆಯ ಕಸಿವಿಸಿಯಾಗದೆ ಇರದು.

ಈ ಕುಲಕ್ಕೆ ಶಾಸ್ತ್ರಜ್ಞರು ಆಕ್ಟಿನೋಮೈಸೀಟ್ ಎಂದು ಹೆಸರಿಟ್ಟಿರುವರು. ಅದರ ಪ್ರಮುಖ ಶಾಖೆಯಾದ ಸ್ಟ್ರೆಪ್ಟೊಮೈಸಿಸ್ ಎಂಬುದು ಬ್ಯಾಕ್ಟೀರಿಯದ ಜಾತಿಯದಾದರೂ ರೂಪದಲ್ಲಿ ಶಿಲೀಂಧ್ರವನ್ನು ಹೋಲುವುದು; ನೂಲಿನಂತಹ ಎಳೆಗಳನ್ನು ಮಣ್ಣಿನೊಳಗೆ ಹಬ್ಬಿಸಿ, ಒಣಗಿದ ಎಲೆ, ಬೇರು, ಹುಳುಗಳ ಕವಚಗಳನ್ನು ಕರಗಿಸಿ ತಿಂದು, ಆಹಾರವು ತೀರುವ ಹೊತ್ತಿಗೆ ಆ ಎಳೆಗಳ ತುದಿಯಲ್ಲಿ ಸರಪಳಿಯಂತೆ ಬೀಜಕಣಗಳನ್ನು ಕಟ್ಟುವುದು. ರೋಹಿಣಿಯ ಮೊದಲ ಹನಿಗಳು ಕಾದ ನೆಲಕ್ಕೆ ಬಿದ್ದೊಡನೆ ಏಳುವ ಕಂಪಿನಲ್ಲಿ ದೊಡ್ಡ ಪಾಲು ಈ ಜೀವಿಗಳದೇ. ಆ ಗಂಧದ್ರವ್ಯವನ್ನು ಬೇರ್ಪಡಿಸಿ 1965ರಲ್ಲಿ ಜಿಯೋಸ್ಮಿನ್ ಎಂದು ಹೆಸರಿಟ್ಟವರು ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದ ಗೆರ್ಬರ್ ಮತ್ತು ಲಶೆವಾಲಿಯೆ ಎಂಬಿಬ್ಬರು. ಕಂಪಿನ ಜೊತೆಗೆ ಈ ಜೀವಿಗಳು ವಿಷವನ್ನೂ ತಯಾರಿಸುವವು. ನೆರೆಹೊರೆಯ ಸೂಕ್ಷ್ಮಾಣುಗಳನ್ನು ತಡೆಯುವುದಕ್ಕೋ, ಅವುಗಳೊಡನೆ ಯಾವುದೋ ಸಂಕೇತವನ್ನು ನಡೆಸುವುದಕ್ಕೋ, ಎಂಬ ವಿಷಯದಲ್ಲಿ ವಿದ್ವಾಂಸರ ವಾದವು ಇನ್ನೂ ಮುಗಿದಿಲ್ಲ.

ರಟ್‌ಗರ್ಸಿನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ಬದುಕನ್ನೇ ಸವೆಸಿದ ಸೆಲ್ಮನ್ ವಾಕ್ಸ್‌ಮನ್ ಈ ಕುಲವನ್ನು ವಿದ್ಯಾರ್ಥಿದೆಸೆಯಿಂದಲೂ ಬಲ್ಲವನು. 1916ರಷ್ಟು ಹಿಂದೆಯೇ ಆತನು ಪ್ರಕಟಿಸಿದ ಪ್ರಬಂಧದಲ್ಲಿ ಗ್ರೀಸಿಯಸ್ ಎಂಬ ಪ್ರಭೇದದ ವರ್ಣನೆಯಿದೆ. ಮುಂದೆ ಸ್ಟ್ರೆಪ್ಟೊಮೈಸಿನ್ನನ್ನು ಕೊಟ್ಟದ್ದು ಅದೇ ಪ್ರಭೇದದ ಬೇರೊಂದು ತಳಿ. ಇದರಿಂದ ಮದ್ದು ದೊರೆತೀತೆಂಬ ಯೋಚನೆಯು ಬರಲು ನಡುವೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆತನ ಶಿಷ್ಯನಾದ ರೆನೆ ದ್ಯುಬೋ 1939ರಲ್ಲಿ ಮಣ್ಣಿನ ಬ್ಯಾಸಿಲಸ್ಸೊಂದರಿಂದ ಗ್ರಾಮಿಸಿಡಿನ್ ಎಂಬ ದ್ರವ್ಯವನ್ನು ತೆಗೆದು ತೋರಿಸಿದ ಮೇಲೆಯೇ ಗುರುವಿನ ಪ್ರಯೋಗಶಾಲೆಯು ಆ ದಿಕ್ಕಿಗೆ ತಿರುಗಿದ್ದು. ಆ ಬಳಿಕ ಕೆಲಸವು ವೇಗದಿಂದ ಸಾಗಿತು. 1940ರಲ್ಲಿ ಆಕ್ಟಿನೊಮೈಸಿನ್, 1942ರಲ್ಲಿ ಸ್ಟ್ರೆಪ್ಟೊಥ್ರಿಸಿನ್. ಎರಡೂ ಸೂಕ್ಷ್ಮಾಣುವನ್ನು ಕೊಲ್ಲುವಂತೆಯೇ ರೋಗಿಯ ಮೇಲೂ ತಿರುಗಿ ಬೀಳತಕ್ಕವು. 1943ರ ಅಕ್ಟೋಬರ್ 19ರಂದು ಆಲ್ಬರ್ಟ್ ಶಾಟ್ಸ್ ಎಂಬ ಇಪ್ಪತ್ತಮೂರು ವರ್ಷದ ಸಂಶೋಧಕನು, ಕ್ಷಯದ ಅಣುಗಳ ಭಯದಿಂದ ಉಳಿದವರಿಗೆ ದೂರವಾಗಿ ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತಿದ್ದವನು, ಗ್ರೀಸಿಯಸ್ಸಿನ ಎರಡು ತಳಿಗಳನ್ನು ಬೇರ್ಪಡಿಸಿದನು. ಒಂದು ಹೊಲದ ಮಣ್ಣಿನದು, ಮತ್ತೊಂದು ಕೋಳಿಯೊಂದರ ಗಂಟಲಿನದು. 1944ರ ಜನವರಿಯಲ್ಲಿ ಶಾಟ್ಸ್, ಎಲಿಜಬೆತ್ ಬೂಗಿ, ವಾಕ್ಸ್‌ಮನ್ ಈ ಮೂವರ ಹೆಸರಿನಲ್ಲಿ ಪ್ರಬಂಧವು ಅಚ್ಚಾಯಿತು. 1952ರ ನೊಬೆಲ್ ಪಾರಿತೋಷಕವು ವಾಕ್ಸ್‌ಮನ್ ಒಬ್ಬನಿಗೆ ಮಾತ್ರ ಸಂದಿತು. ಶಿಷ್ಯನಾದ ಶಾಟ್ಸ್ ಗುರುವಿನ ಮೇಲೆ 1950ರಲ್ಲಿಯೇ ನ್ಯಾಯಾಲಯಕ್ಕೆ ಹೋಗಿದ್ದನು. ಆ ಕಥೆಯು ದೀರ್ಘವಾದುದು, ಮತ್ತು ಅಷ್ಟೇನೂ ಹಿತಕರವಾದುದಲ್ಲ.

ಔಷಧದ ಮಹಿಮೆಯೂ ಮಿತಿಯೂ ಒಟ್ಟಿಗೆ ಕಂಡದ್ದು ಬ್ರಿಟನ್ನಿನಲ್ಲಿ. 1947ರಲ್ಲಿ ಅಲ್ಲಿ ಕ್ಷಯರೋಗಿಗಳ ಮೇಲೆ ನಡೆದ ಪ್ರಸಿದ್ಧ ಪರೀಕ್ಷೆಯಲ್ಲಿ, ಸ್ಟ್ರೆಪ್ಟೊಮೈಸಿನ್ ಪಡೆದ 55 ಮಂದಿಯಲ್ಲಿ ಆರು ತಿಂಗಳೊಳಗೆ ತೀರಿಹೋದವರು ನಾಲ್ವರು. ಬರಿಯ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14 ಜನರು. ಇದನ್ನು ಕಂಡು ಜಗತ್ತು ಹಿಗ್ಗಿತು. ಆದರೆ ಐದು ವರ್ಷಗಳು ಕಳೆದು ಮತ್ತೆ ಎಣಿಸಿದಾಗ ಮೊದಲ ಗುಂಪಿನಲ್ಲಿ 32 ಮಂದಿ, ಎರಡನೆಯದರಲ್ಲಿ 35 ಮಂದಿ ಇಲ್ಲವಾಗಿದ್ದರು. ಕ್ಷಯದ ಅಣುವು ಕೆಲವೇ ತಿಂಗಳಲ್ಲಿ ಮದ್ದಿಗೆ ಒಗ್ಗಿಕೊಂಡು, ಅದನ್ನು ನಿರ್ಲಕ್ಷಿಸಿ ಬದುಕಲು ಕಲಿತಿತ್ತು. ಪ್ರತಿಜೈವಿಕಗಳ ಮುಂದಿನ ಎಂಬತ್ತು ವರ್ಷಗಳ ಇತಿಹಾಸವೆಲ್ಲ ಆ ಎರಡು ಅಂಕಿಗಳ ಸುತ್ತಲೇ ಸುತ್ತಿದೆಯೆಂದು ನನ್ನ ಭಾವನೆ.

ಅಷ್ಟರಲ್ಲಿ ಮಣ್ಣಿನ ಬೇಟೆಯು ಆರಂಭವಾಗಿಹೋಗಿತ್ತು. ವೆನೆಜುವೆಲದ ಕರಾಕಾಸ್ ಬಳಿಯ ಹೊಲದಿಂದ ಕ್ಲೋರಾಂಫೆನಿಕಾಲ್, ಅಮೆರಿಕದ ಮಿಸೂರಿಯ ಹುಲ್ಲುಗಾವಲಿನಿಂದ ಔರಿಯೊಮೈಸಿನ್, ಫಿಲಿಪೀನ್ಸಿನ ಇಲೊಯಿಲೊದಿಂದ ಎರಿಥ್ರೊಮೈಸಿನ್, ಬೋರ್ನಿಯೊದ ಕಾಡಿನೊಳಗಣ ಪಾದ್ರಿಯೊಬ್ಬನು ಕಳಿಸಿದ ಮಣ್ಣಿನಿಂದ ವ್ಯಾಂಕೊಮೈಸಿನ್, ಫ್ರಾನ್ಸಿನ ಸಮುದ್ರತೀರದ ಪೈನ್ ತೋಪಿನಿಂದ ರಿಫಾಮೈಸಿನ್. ಇವೆಲ್ಲವೂ ಹೆಚ್ಚುಕಡಿಮೆ ಒಂದೇ ದಶಕದ ಫಸಲು. ಪ್ರವಾಸಿಗಳೂ ಧರ್ಮಪ್ರಚಾರಕರೂ ಮಾರಾಟದ ಏಜೆಂಟರೂ ಚೀಲಗಳಲ್ಲಿ ಮಣ್ಣು ತುಂಬಿ ಕಂಪನಿಗಳಿಗೆ ರವಾನಿಸುತ್ತಿದ್ದ ಕಾಲವದು. ಔರಿಯೊಮೈಸಿನ್ ಹೊರಬಂದ ಲೆಡರ್ಲೆ ಪ್ರಯೋಗಶಾಲೆಯ ಸಂಶೋಧನೆಯ ಚುಕ್ಕಾಣಿಯು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬಾರಾಯರ ಕೈಯಲ್ಲಿತ್ತು; ಔಷಧವು ಲೋಕಕ್ಕೆ ಪ್ರಕಟವಾದ 1948ನೆಯ ವರ್ಷದಲ್ಲಿಯೇ ಆ ಮಹನೀಯರು ಕಾಲವಾದರು. ನಮ್ಮ ದೇಶದ ಮಣ್ಣೂ ಈ ಬೇಟೆಗೆ ಹೊರತಾಗಿರಲಿಲ್ಲ: ಇಂದೋರಿನ ಬಳಿಯ ನಿಮೋದಿ ಎಂಬ ಹಳ್ಳಿಯಿಂದ ಇಟಲಿಗೆ ಹೋದ ಒಂದು ಹಿಡಿ ಮಣ್ಣಿನಿಂದ ಟೈಕೊಪ್ಲಾನಿನ್ ಬಂದಿತು, ಮತ್ತು ಇಂದಿಗೂ ತೀವ್ರ ನಿಗಾ ಘಟಕಗಳಲ್ಲಿ ಅದನ್ನು ಬಳಸುತ್ತಿರುವರು.

ನಮ್ಮವರೇ ನಮ್ಮ ಮಣ್ಣನ್ನು ಶೋಧಿಸಿದ ಪ್ರಸಂಗವೊಂದುಂಟು. 1954ರಲ್ಲಿ ಪುಣೆಯ ಬಳಿಯ ಪಿಂಪರಿಯಲ್ಲಿ ಹಿಂದುಸ್ಥಾನ್ ಆಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಾರಖಾನೆಯು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಇವುಗಳ ನೆರವಿನಿಂದ ಸ್ಥಾಪಿತವಾದಾಗ ಬಾಗಲಕೋಟೆಯೂ ಪಿಂಪರಿಯೂ ಒಂದೇ ಮುಂಬಯಿ ರಾಜ್ಯಕ್ಕೆ ಸೇರಿದ್ದವು. ಎರಡು ವರ್ಷಗಳ ತರುವಾಯ ಗಡಿಗಳು ಬದಲಾದವು. ಆ ಕಾರಖಾನೆಯ ಸಂಶೋಧನೆಯನ್ನು ನಡೆಸಿದವರು 1914ರಲ್ಲಿ ಜನಿಸಿದ ಮಂಡಯಂ ಜೀರಸನ್ನಿಧಿ ತಿರುಮಲಾಚಾರ್ಯರು. ಇವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದುಕೊಂಡು ಗಿಡಗಳ ತುಕ್ಕುರೋಗದ ಶಿಲೀಂಧ್ರಗಳನ್ನು ಒಂದೊಂದಾಗಿ ಹುಡುಕಿ ಹೆಸರಿಟ್ಟು ಕೀರ್ತಿ ಪಡೆದವರು. ಎಲೆಯ ಮೇಲಿನ ತುಕ್ಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪಳಗಿದ ಕಣ್ಣೇ ಮಣ್ಣಿನ ಬ್ಯಾಕ್ಟೀರಿಯದ ಮೇಲೂ ಬಿದ್ದುದರ ಫಲವಾಗಿ ಪಿಂಪರಿಯ ಮಣ್ಣಿನಿಂದಲೇ ಒಂದು ಸ್ಟ್ರೆಪ್ಟೊಮೈಸಿಸ್ ದೊರೆಯಿತು. ಊರಿನ ಹೆಸರಿನಿಂದ ಅದಕ್ಕೆ ಪಿಂಪ್ರಿನ ಎಂದೂ, ಅದರ ಔಷಧಕ್ಕೆ ಕಾರಖಾನೆಯ ಹೆಸರಿನ ಮೊದಲಕ್ಷರಗಳಿಂದ ಹ್ಯಾಮೈಸಿನ್ ಎಂದೂ ನಾಮಕರಣವಾಯಿತು. ಡರ್ಮೊಸ್ಟಾಟಿನ್, ಔರಿಯೊಫಂಗಿನ್‌ಗಳು ಅದರ ಬೆನ್ನಿಗೆ ಬಂದವು. ಇವು ಮೂರೂ ಶಿಲೀಂಧ್ರವನ್ನು ಕೊಲ್ಲುವವೇ ಹೊರತು ಬ್ಯಾಕ್ಟೀರಿಯವನ್ನಲ್ಲ ಎಂಬುದನ್ನು ಹೇಳಿಯೇ ಮುಂದುವರಿಯಬೇಕು. ಆದರೆ ಸ್ವತಂತ್ರ ಭಾರತದಲ್ಲಿ ಸ್ವಂತ ಮಣ್ಣಿನಿಂದ ಹೊಸ ಪ್ರತಿಜೈವಿಕವೊಂದನ್ನು ಕಂಡು ಅಂಗಡಿಯ ಕಪಾಟಿನವರೆಗೆ ತಲುಪಿಸಿದ ಸಾಹಸಗಳು ಬೆರಳೆಣಿಕೆಯವು, ಮತ್ತು ಅದರ ಮುಂಚೂಣಿಯಲ್ಲಿ ನಿಂತ ಈ ವಿದ್ವಾಂಸರ ಹೆಸರನ್ನು ಕನ್ನಡ ನಾಡಿನ ಶಾಲೆಯ ಮಕ್ಕಳು ಕೇಳಿಯೇ ಇಲ್ಲವೆಂಬುದು ಖೇದಕರ.

ಪಿಂಪರಿಯ ಹೆಸರು ಮಾತ್ರ ನಮ್ಮ ಭಾಗದ ರೈತರಿಗೆ ಬೇರೊಂದು ದಾರಿಯಿಂದ ಪರಿಚಿತವಾಯಿತು. ಬಾಗಲಕೋಟೆ, ಹುನಗುಂದ, ಬಾದಾಮಿಗಳ ಒಣಭೂಮಿಯಲ್ಲಿ ಹನಿ ನೀರಾವರಿಯ ಪೈಪುಗಳೊಡನೆ ದಾಳಿಂಬರಿಯ ತೋಟಗಳು ಎದ್ದು, ಕೆಲಕಾಲ ಕೈತುಂಬ ಹಣವನ್ನು ಕೊಟ್ಟು, ಈ ಶತಮಾನದ ಮೊದಲ ದಶಕದಲ್ಲಿ ದುಂಡಾಣು ಅಂಗಮಾರಿಗೆ ಸಿಕ್ಕವು. ಎಲೆಯ ಮೇಲೆ ಎಣ್ಣೆ ಹನಿಸಿದಂತಹ ಸಣ್ಣ ಚುಕ್ಕೆ. ಅದು ಕಪ್ಪಾಗಿ ಕಾಯಿಗೆ ಇಳಿದು, ಕಾಯಿಯು ನಡುವೆ ನಕ್ಷತ್ರದಾಕಾರದಲ್ಲಿ ಬಿರಿದು ನಿಂತರೆ ಆ ಹಂಗಾಮು ಮುಗಿದಂತೆಯೇ. ಅನೇಕರು ಗಿಡಗಳನ್ನು ಬುಡಸಹಿತ ಕಿತ್ತು ಹಾಕಿದರು. ಕೀಳದೆ ಉಳಿಸಿಕೊಂಡವರು ಗೊಬ್ಬರದಂಗಡಿಯಲ್ಲಿ ಕೇಳಿ ತಂದದ್ದು ಆರು ಗ್ರಾಮಿನ ಪುಟ್ಟ ಪಾಕೀಟು, ಸ್ಟ್ರೆಪ್ಟೊಸೈಕ್ಲಿನ್. ಪಿಂಪರಿಯ ಅದೇ ಕಾರಖಾನೆಯ ಸರಕು. ಅದರೊಳಗಿನ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಶಾಟ್ಸನ ಸ್ಟ್ರೆಪ್ಟೊಮೈಸಿನ್, ಉಳಿದೊಂದು ಪಾಲು ಟೆಟ್ರಾಸೈಕ್ಲಿನ್. ಕಾಪರ್ ಆಕ್ಸಿಕ್ಲೋರೈಡಿನೊಡನೆ ಬೆರೆಸಿ, ಬೆನ್ನಿಗೆ ಪಂಪು ಕಟ್ಟಿ, ವಾರ ಹದಿನೈದು ದಿನಕ್ಕೊಮ್ಮೆ ಎಕರೆಗಟ್ಟಲೆ ಸಿಂಪಡಿಸಿದರು. ಕ್ಷಯದ ರೋಗಿಗೆ ಸೂಜಿಯಲ್ಲಿ ಅಳೆದು ಕೊಡತಕ್ಕ ವಸ್ತುವು ಹೀಗೆ ಎಲೆಯ ಮೇಲೂ ಮಣ್ಣಿನ ಮೇಲೂ ಸುರಿಯಿತು. ಸಾಲ ಮಾಡಿ ತೋಟ ಹಾಕಿದವನು ಕಣ್ಣೆದುರಿಗೆ ಕಾಯಿ ಬಿರಿಯುವುದನ್ನು ನೋಡುತ್ತ ಕೂರಲಾರನಾದ್ದರಿಂದ ರೈತನನ್ನು ಇದಕ್ಕಾಗಿ ಜರೆಯುವುದು ಸಲ್ಲದು. ಕೇಂದ್ರ ಸರ್ಕಾರವು 2021ರ ಕೊನೆಯಲ್ಲಿ ಕರಡು ಆದೇಶವೊಂದನ್ನು ಹೊರಡಿಸಿ, ಬೆಳೆಗಳ ಮೇಲೆ ಈ ಮಿಶ್ರಣದ ಬಳಕೆಯನ್ನು 2024ರ ಆರಂಭದಿಂದ ನಿಲ್ಲಿಸತಕ್ಕದ್ದೆಂದು ಸೂಚಿಸಿತು.

ಇತ್ತ ಬೇಟೆಯು 1960ರ ದಶಕದ ಹೊತ್ತಿಗೆ ಬತ್ತತೊಡಗಿತ್ತು. ಎಲ್ಲಿಯ ಮಣ್ಣನ್ನು ತಂದರೂ ಹಳೆಯ ಮದ್ದುಗಳೇ ಮತ್ತೆ ಮತ್ತೆ ಬಲೆಗೆ ಬೀಳುತ್ತಿದ್ದವು. ರಿಚರ್ಡ್ ಬಾಲ್ಟ್ಜ್ ಎಂಬ ಸಂಶೋಧಕನ ಅಂದಾಜಿನಂತೆ, ಮಣ್ಣಿನ ನೂರು ಆಕ್ಟಿನೋಮೈಸೀಟ್‌ಗಳನ್ನು ತೆಗೆದುಕೊಂಡರೆ ಸುಮಾರು ಹತ್ತು ಸ್ಟ್ರೆಪ್ಟೊಥ್ರಿಸಿನ್ನನ್ನೂ, ಒಂದು ಸ್ಟ್ರೆಪ್ಟೊಮೈಸಿನ್ನನ್ನೂ ತಯಾರಿಸತಕ್ಕವು. ಆದರೆ ಡಾಪ್ಟೊಮೈಸಿನ್‌ನಂತಹ ಅಪರೂಪದ ದ್ರವ್ಯವು ಬೇಕಾದರೆ ಕೋಟಿಯಲ್ಲಿ ಎರಡು. ಹೀಗಾದ ಮೇಲೆ ಹೊಸ ಜೀವಿಯನ್ನು ಹೊಸ ನೆಲೆಯಲ್ಲಿ ಹುಡುಕದೆ ಗತ್ಯಂತರವಿರಲಿಲ್ಲ.

ಆ ನೆಲೆಯ ಸೂಚನೆಯು ಬಹು ಹಿಂದೆಯೇ ದೊರೆತಿತ್ತು. 1945ರಲ್ಲಿ ಇಟಲಿಯ ಸಾರ್ಡಿನಿಯ ದ್ವೀಪದ ಕಲಿಯಾರಿ ಪಟ್ಟಣದಲ್ಲಿ ಜೂಸೆಪ್ಪೆ ಬ್ರೋತ್ಸು ಎಂಬ ವೈದ್ಯನು, ಊರಿನ ಕೊಳಚೆಯು ಸಮುದ್ರವನ್ನು ಸೇರುವ ಸ್ಥಳದ ನೀರಿನಲ್ಲಿ ಮೀಯುವವರಿಗೂ ವಿಷಮಶೀತಜ್ವರವು ತಗಲುವುದಿಲ್ಲವೆಂಬುದನ್ನು ಗಮನಿಸಿ, ಆ ನೀರಿನಿಂದಲೇ ಶಿಲೀಂಧ್ರವೊಂದನ್ನು ಬೆಳೆಸಿದನು. ಸೆಫಲೊಸ್ಪೊರಿನ್ ವಂಶದ ಮೂಲಪುರುಷನು ಆ ಶಿಲೀಂಧ್ರವೇ. ಸಿಹಿನೀರೂ ಉಪ್ಪುನೀರೂ ಕೊಳೆಯೂ ಒಂದಾಗುವೆಡೆ ಸೂಕ್ಷ್ಮಾಣುಗಳ ಕಲಹವು ಬಲವಾಗಿರುವುದೆಂಬ ಪಾಠವನ್ನು ಅಲ್ಲಿಯೇ ಓದಬಹುದಾಗಿತ್ತು. ಓದಲು ಕಾಲ ಹಿಡಿಯಿತು. ಜಪಾನಿನ ಒಕಾಮಿ ಮತ್ತು ಉಮೆಜಾವರ ತಂಡವು ಸಗಾಮಿ ಕೊಲ್ಲಿಯ ದಡದ ಕೆಸರಿನಿಂದ 1976ರಲ್ಲಿ ಅಪ್ಲಾಸ್ಮೊಮೈಸಿನ್ನನ್ನೂ 1979ರಲ್ಲಿ ಇಸ್ಟಾಮೈಸಿನ್ನನ್ನೂ ಹೊರತೆಗೆಯಿತು. ಅನಂತರ ದೃಷ್ಟಿಯು ಉಷ್ಣವಲಯದ ಅಳಿವೆಗಳ ಕಡೆಗೆ, ಕಾಂಡ್ಲಾ ಅಂದರೆ ಮ್ಯಾಂಗ್ರೋವ್ ಕಾಡುಗಳ ಕಡೆಗೆ ಹರಿಯಿತು.

ಕರ್ನಾಟಕದಲ್ಲಿ ಕಾಂಡ್ಲಾ ಕಾಡಿನ ವಿಸ್ತಾರವು ಬಹು ಸ್ವಲ್ಪ. ಅರಣ್ಯ ಸಮೀಕ್ಷೆಯ 2019ರ ವರದಿಯಂತೆ 10 ಚದರ ಕಿಲೋಮೀಟರ್, 2021ರ ವರದಿಯಂತೆ 13. ಕಾರವಾರದ ಕಾಳಿ, ಕುಮಟೆಯ ಅಘನಾಶಿನಿ, ಹೊನ್ನಾವರದ ಶರಾವತಿ, ಕುಂದಾಪುರದ ಹೊಳೆಗಳು ಕಡಲನ್ನು ಸೇರುವೆಡೆ ಅದು ಚೂರುಚೂರಾಗಿ ಉಳಿದುಕೊಂಡಿದೆ. ಬಯಲುಸೀಮೆಯಿಂದ ಹೋದವನು ಅಘನಾಶಿನಿಯ ದಂಡೆಯಲ್ಲಿ ಇಳಿತದ ಹೊತ್ತಿಗೆ ನಿಂತರೆ, ಕಗ್ಗದ ಭತ್ತ ಬೆಳೆಯುವ ಗಜನಿಯ ಅಂಚಿನಲ್ಲಿ, ಕೊರಡುಗಾಲುಗಳ ಮೇಲೆ ನಿಂತ ಮರಗಳನ್ನೂ, ಕೆಸರಿನಿಂದ ಸೀಸದ ಕಡ್ಡಿಗಳಂತೆ ನೆಟ್ಟಗೆ ಮೇಲೆದ್ದ ಉಸಿರುಬೇರುಗಳನ್ನೂ ಕಾಣುವನು. ಆ ಕೆಸರಿಗೆ ಕೈಯಿಕ್ಕಿದರೆ ಮೇಲಿನ ಒಂದೆರಡು ಬೆರಳಷ್ಟು ಕಂದು, ಅದರ ಕೆಳಗೆ ಕಾಡಿಗೆಯ ಕಪ್ಪು, ಕೊಳೆತ ಮೊಟ್ಟೆಯ ನಾತ. ದಿನಕ್ಕೆರಡು ಬಾರಿ ಉಪ್ಪುನೀರು ಏರಿ ಇಳಿಯುವುದು. ಮಳೆಗಾಲದಲ್ಲಿ ಅದೇ ಸ್ಥಳವು ಸಿಹಿನೀರಿನಿಂದ ತುಂಬುವುದು. ಉದುರಿದ ಎಲೆಗಳ ಒಗರು ಕೆಸರಿನಲ್ಲಿ ಕರಗಿರುವುದು. ಒಂದು ಗೇಣಿನ ಆಳದಲ್ಲಿ ಪ್ರಾಣವಾಯುವೇ ಇಲ್ಲ. ಇಷ್ಟು ಕಷ್ಟವಿದ್ದರೂ ಆಹಾರವು ಮಾತ್ರ ಹೇರಳ. ಇಂತಹ ಸ್ಥಳದಲ್ಲಿ ನೆರೆಯವನನ್ನು ದೂರವಿಡಲು ಒಳ್ಳೆಯ ಅಸ್ತ್ರವುಳ್ಳ ಬ್ಯಾಕ್ಟೀರಿಯವು ದೊರೆತೀತೆಂದು ತರ್ಕಿಸುವುದು ಅಸಹಜವಲ್ಲ.

ಶೋಧನೆಯ ಕ್ರಮವು ಸರಳವಾದುದು, ಸಹನೆಯನ್ನು ಬೇಡುವಂಥದು. ತಂದ ಕೆಸರನ್ನು ಕೆಲದಿನ ನೆರಳಲ್ಲಿ ಒಣಗಿಸಿ, ಹದವಾಗಿ ಬಿಸಿಮಾಡಿದರೆ ಮೃದುವಾದ ಬ್ಯಾಕ್ಟೀರಿಯಗಳು ಸತ್ತು ಗಟ್ಟಿ ಬೀಜಕಣಗಳುಳ್ಳವು ಉಳಿಯುವವು. ಅದನ್ನು ನೀರಿನಲ್ಲಿ ಕದಡಿ, ಹತ್ತರಲ್ಲೊಂದು ನೂರರಲ್ಲೊಂದು ಸಾವಿರದಲ್ಲೊಂದು ಪಾಲಿನಂತೆ ತೆಳುಮಾಡುತ್ತ ಹೋಗಿ, ಪಿಷ್ಟವನ್ನೂ ಹಾಲಿನ ಕೇಸಿನ್ನನ್ನೂ ಸಮುದ್ರದ ನೀರಿನಲ್ಲಿ ಬೆರೆಸಿ ಹೆಪ್ಪುಗಟ್ಟಿಸಿದ ಅಗರಿನ ತಟ್ಟೆಯ ಮೇಲೆ ಹರಡುವರು. ಮಿಕ್ಕ ಬ್ಯಾಕ್ಟೀರಿಯಗಳು ಮರುದಿನವೇ ಲೋಳೆಲೋಳೆಯಾಗಿ ಕಾಣಿಸಿಕೊಂಡರೆ ಇವುಗಳಿಗೆ ವಾರ, ಎರಡು ವಾರ, ಕೆಲವೊಮ್ಮೆ ಮೂರು ವಾರವೂ ಬೇಕು. ಕೊನೆಗೆ ಸುಣ್ಣದ ಪುಡಿ ಉದುರಿಸಿದಂತಹ ಬಿಳಿ, ಬೂದಿ, ನಸುಗೆಂಪು ಬಣ್ಣದ ಬಿರುಸಾದ ಚುಕ್ಕೆಗಳು ತಟ್ಟೆಗೆ ಗಟ್ಟಿಯಾಗಿ ಕಚ್ಚಿಕೊಂಡು ಏಳುವವು. ಅಂತಹದೊಂದನ್ನು ಬೇರೆ ತಟ್ಟೆಯ ನಡುವೆ ಗೀರೆಳೆದು ಬೆಳೆಸಿ, ಅದಕ್ಕೆ ಅಡ್ಡವಾಗಿ ಕೀವಿನ ಸ್ಟೆಫಿಲೊಕಾಕಸ್ಸನ್ನೋ ಮತ್ತೊಂದು ರೋಗಾಣುವನ್ನೋ ಎಳೆದರೆ, ಮದ್ದಿರುವಲ್ಲಿ ರೋಗಾಣುವಿನ ಗೀರು ನಡುವಿನವರೆಗೆ ಬರಲಾರದೆ ಅಷ್ಟು ದೂರದಲ್ಲಿಯೇ ನಿಂತುಬಿಡುವುದು. ಆ ಖಾಲಿ ಜಾಗವನ್ನು ಮಿಲಿಮೀಟರುಗಳಲ್ಲಿ ಅಳೆದು ಬರೆದ ಪ್ರಬಂಧಗಳು ನಮ್ಮ ದೇಶದಲ್ಲಿ ರಾಶಿ ರಾಶಿಯಾಗಿವೆ. ಅಳತೆಯಿಂದ ಮುಂದಕ್ಕೆ ಹೋಗಿ ಆ ದ್ರವ್ಯವು ಏನೆಂಬುದನ್ನು ಬಿಡಿಸಿ ತೋರಿಸಿದವು ಅಷ್ಟಿಲ್ಲ.

ತಮಿಳುನಾಡಿನ ಪರಂಗಿಪೇಟೆಯಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಕೇಂದ್ರದವರು ಸಮೀಪದ ಪಿಚ್ಚಾವರಂ ಕಾಡಿನ ಸೂಕ್ಷ್ಮಾಣುಗಳನ್ನು ದಶಕಗಳಿಂದ ಪಟ್ಟಿಮಾಡುತ್ತ ಬಂದಿದ್ದಾರೆ. ಚೀನದಲ್ಲಿ ಕುಯಿ ಹಾಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿಯೇ ಅಲ್ಲಿಯ ಕಾಂಡ್ಲಾ ಕೆಸರು ಮತ್ತು ಗಿಡಗಳಿಂದ ಎರಡು ಸಾವಿರಕ್ಕೂ ಮಿಕ್ಕ ಆಕ್ಟಿನೋಮೈಸೀಟ್ ತಳಿಗಳ ವಿವರವಿದೆ. ಅದೇ ಬಳಗಕ್ಕೆ ಕಾಂಡ್ಲಾ ಬೇರಿನ ಸುತ್ತಲ ಮಣ್ಣಿನ ಒಂದು ಸ್ಟ್ರೆಪ್ಟೊಮೈಸಿಸ್‌ನಿಂದ ಔಷಧಗಳಿಗೆ ಬಗ್ಗದ ಸ್ಟೆಫಿಲೊಕಾಕಸ್ಸನ್ನೂ ತಡೆಯುವ ದ್ರವ್ಯಗಳು ದೊರೆತವು. ಆದರೆ ಬಿಡಿಸಿ ನೋಡಿದರೆ ಅವು ಜಪಾನಿನಲ್ಲಿ ಅರ್ಧ ಶತಮಾನದ ಹಿಂದೆಯೇ ಕಂಡ ಅಜಲೊಮೈಸಿನ್ನಿನ ದಾಯಾದಿಗಳು, ಮತ್ತು ಮನುಷ್ಯನ ಜೀವಕೋಶಗಳಿಗೂ ಅಪಾಯಕಾರಿಗಳು.

ದಾಯಾದಿಗಳು ಇಲ್ಲಿಗೂ ಬಂದದ್ದು ಹೇಗೆಂಬ ಪ್ರಶ್ನೆಯು ಹಳೆಯದು. ಸಮುದ್ರದ ಕೆಸರಿನಲ್ಲಿ ಸಿಗುವ ಆಕ್ಟಿನೋಮೈಸೀಟ್‌ಗಳು ಅಲ್ಲಿಯವೇ ಅಲ್ಲ, ನದಿಗಳು ಹೊಲಗಳಿಂದ ತೊಳೆದು ತಂದ ಬೀಜಕಣಗಳು ಮಾತ್ರ ಎಂದು ಬಹುಕಾಲ ನಂಬಿದ್ದರು. ನಮ್ಮ ಭಾಗದವರಿಗೆ ಈ ವಾದವನ್ನು ಅರಿಯುವುದು ಕಷ್ಟವಲ್ಲ. ಘಟಪ್ರಭೆಯು ಚಿಕ್ಕಸಂಗಮದಲ್ಲಿ, ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಆ ಕೃಷ್ಣೆಯು ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಇಳಿಯುವಲ್ಲಿ ಬೆಳೆದ ಕಾಂಡ್ಲಾ ಕಾಡಿನ ಕೆಸರೆಂದರೆ ಶತಶತಮಾನಗಳಿಂದ ಕೊಚ್ಚಿಹೋದ ನಮ್ಮ ಎರಿಮಣ್ಣೂ ಸೇರಿದ ಕೆಸರು. ಈಗ ಆಲಮಟ್ಟಿ, ಶ್ರೀಶೈಲ, ನಾಗಾರ್ಜುನಸಾಗರಗಳು ಆ ಹೂಳನ್ನು ದಾರಿಯಲ್ಲಿಯೇ ತಡೆದು ನಿಲ್ಲಿಸುತ್ತಿವೆ. ಯಾವ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ಮುಳುಗಿಸಿ ನಮ್ಮನ್ನು ನವನಗರಕ್ಕೆ ಕಳಿಸಿತೋ ಅದೇ ಹಿನ್ನೀರಿನ ತಳದಲ್ಲಿ ಹಂಸಲದೀವಿಗೆ ಹೋಗಬೇಕಾದ ಮಣ್ಣು ಕುಳಿತಿದೆ. ಅದಿರಲಿ. ವಾದಕ್ಕೆ ಮೊದಲ ಪೆಟ್ಟು ಕೊಟ್ಟವನು ಜರ್ಮನಿಯ ವೈಲಾಂಡ್. ನದಿಗಳ ಮಣ್ಣು ತಲುಪದ ಅಟ್ಲಾಂಟಿಕಿನ ಆಳದ ಕೆಸರಿನಲ್ಲಿಯೂ ಆಕ್ಟಿನೋಮೈಸೀಟ್‌ಗಳಿರುವುದನ್ನು ಆತನು 1969ರಲ್ಲಿ ತೋರಿಸಿದನು. ಪೂರ್ಣವಾದ ಉತ್ತರವು ಬಹಾಮಾ ದ್ವೀಪಗಳಿಂದ ಬಂದಿತು. ಪಾಲ್ ಜೆನ್ಸನ್ ಮತ್ತು ವಿಲಿಯಂ ಫೆನಿಕಲ್ ಇವರು 1989ರಲ್ಲಿ ಅಲ್ಲಿಯ ಕೆಸರಿನಿಂದ ತಂದ ಕೆಲವು ತಳಿಗಳು ಸಮುದ್ರದ ನೀರಿಲ್ಲದೆ ತಟ್ಟೆಯ ಮೇಲೆ ಬೆಳೆಯಲೇ ನಿರಾಕರಿಸಿದವು. ಕಡಲಿನವೇ ಆದ ಆ ಕುಲಕ್ಕೆ 2005ರಲ್ಲಿ ಸ್ಯಾಲಿನಿಸ್ಪೊರ ಎಂಬ ಹೆಸರು ಸ್ಥಿರವಾಯಿತು. ಕಾಂಡ್ಲಾದ ಕೆಸರಿನಲ್ಲಿ ಎರಡು ಬಗೆಯವೂ ಉಂಟು, ವಲಸೆ ಬಂದವೂ ಮೂಲನಿವಾಸಿಗಳೂ. ಯಾವುದು ಯಾವುದೆಂದು ತಿಳಿಯಲು ಈಗ ಅವುಗಳ ವಂಶವಾಹಿಗಳನ್ನೇ ಓದುವರು.

ಆ ಓದು ಮತ್ತೊಂದು ಸಂಗತಿಯನ್ನು ಹೊರಗೆಡವಿತು. 2002ರಲ್ಲಿ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ, ಅದುವರೆಗೆ ಮೂರು ನಾಲ್ಕು ದ್ರವ್ಯಗಳನ್ನು ಮಾತ್ರ ತಯಾರಿಸುವುದೆಂದು ತಿಳಿದಿದ್ದ ಜೀವಿಯ ಸಂಪೂರ್ಣ ಜೀನೋಮನ್ನು ಓದಿದಾಗ, ಅಂತಹ ದ್ರವ್ಯಗಳ ತಯಾರಿಕೆಗೆ ಬೇಕಾದ ವಂಶವಾಹಿಗಳ ಗುಂಪುಗಳು ಇಪ್ಪತ್ತಕ್ಕೂ ಹೆಚ್ಚು ಕಂಡವು. ಬಹುಪಾಲು ಪ್ರಯೋಗಶಾಲೆಯ ತಟ್ಟೆಯ ಮೇಲೆ ಬಾಯಿ ಬಿಡದವು. ಕಾಂಡ್ಲಾದ ತಳಿಗಳಲ್ಲಿಯೂ ಹೀಗೆಯೇ. ಆದರೂ ಈ ಕೆಸರಿನಿಂದ ಬಂದ ಯಾವ ಬ್ಯಾಕ್ಟೀರಿಯನಾಶಕವೂ ಇದುವರೆಗೆ ಔಷಧದಂಗಡಿಯನ್ನು ತಲುಪಿಲ್ಲ. ಅದರಾಚೆಯ ಕಡಲಿನ ಕಥೆಯೂ ಅಷ್ಟೇ: ಜಪಾನ್ ಸಮುದ್ರದಲ್ಲಿ 289 ಮೀಟರ್ ಆಳದ ಕೆಸರಿನ ಆಕ್ಟಿನೋಮೈಸೀಟ್‌ನಿಂದ 2004ರಲ್ಲಿ ಬೆಳಕಿಗೆ ಬಂದ ಅಬಿಸ್ಸೊಮೈಸಿನ್, ಹಳೆಯ ಮದ್ದುಗಳು ತಟ್ಟದ ಹೊಸ ಜಾಗದಲ್ಲಿ ರೋಗಾಣುವನ್ನು ತಟ್ಟುವುದೆಂದು ತಿಳಿದೂ, ಇನ್ನೂ ರಸಾಯನಶಾಸ್ತ್ರಜ್ಞರ ಮೇಜಿನ ಮೇಲೆಯೇ ಇದೆ. ಶಾಟ್ಸನ ತಟ್ಟೆಯಿಂದ ರೋಗಿಯ ತೋಳಿಗೆ ಸ್ಟ್ರೆಪ್ಟೊಮೈಸಿನ್ ಬರಲು ಹಿಡಿದದ್ದು ಒಂದು ವರ್ಷ ಮತ್ತು ಕೆಲವು ವಾರಗಳು. ಆಗ ಮಣ್ಣಿನ ಚೀಲಗಳಿಗಾಗಿ ಪೈಪೋಟಿ ನಡೆಸಿದ ದೊಡ್ಡ ಕಂಪನಿಗಳಲ್ಲಿ ಬಹಳಷ್ಟು, ಹತ್ತು ದಿನ ನುಂಗಿ ನಿಲ್ಲಿಸುವ ಮಾತ್ರೆಗಿಂತ ಜೀವಮಾನವಿಡೀ ನುಂಗುವ ಮಾತ್ರೆಯಲ್ಲಿ ಲಾಭವು ಹೆಚ್ಚೆಂದು ಕಂಡುಕೊಂಡು, ಈ ಕೆಲಸದಿಂದ ಕೈತೊಳೆದುಕೊಂಡಿವೆ. ಕೆಸರನ್ನು ಒಣಗಿಸಿ ತಟ್ಟೆಯ ಮೇಲೆ ಹರಡುವವರು ಈಗ ಹೆಚ್ಚಾಗಿ ವಿಶ್ವವಿದ್ಯಾಲಯಗಳ ಸಂಶೋಧನ ವಿದ್ಯಾರ್ಥಿಗಳು.